ಬ್ರೇಕ್ ಕೀಂಯ್ ಅಂದರೆ: ಪ್ಯಾಡ್ ಬದಲಿಸುವ ಮುಂಚೆ ನೋಡಬೇಕಾದದ್ದು

ನಾಲ್ಕು ತಿಂಗಳಲ್ಲಿ ಎರಡು ಸಲ ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿದವನು ನಾನು. ಮೊದಲ ಸಲ ಕೀಂಯ್ ಎನ್ನುವ ಸದ್ದು ಒಂದು ವಾರ ಸುಮ್ಮನಿತ್ತು. ಎರಡನೇ ಸಲ ಗ್ಯಾರೇಜಿನಿಂದ ಮನೆ ಮುಟ್ಟುವಷ್ಟರಲ್ಲೇ ಶುರುವಾಯಿತು. ಫೋನ್ ಮಾಡಿದರೆ, “ಅದು ಲೋಕಲ್ ಪ್ಯಾಡು ಸಾರ್, ಕಂಪನಿದು ಹಾಕ್ಸಿ” ಎಂದರು. ಆ ಲೋಕಲ್ ಪ್ಯಾಡು ಹಾಕಿದ್ದು ಅವರೇ. ಕೊನೆಗೆ ಒಂದು ಭಾನುವಾರ ಅಂಗಳದಲ್ಲೇ ಚಕ್ರ ಬಿಚ್ಚಿ ಕೂತೆ. ತಪ್ಪು ಪ್ಯಾಡಿನದ್ದಾಗಿರಲೇ ಇಲ್ಲ.

ಅವತ್ತಿನಿಂದ ಯಾರಾದರೂ ಬ್ರೇಕ್ ಸದ್ದಿನ ವಿಷಯ ಎತ್ತಿದರೆ “ಎಂಥ ಸದ್ದು” ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಒಬ್ಬರ ಕಿರ್ರ್ ಇನ್ನೊಬ್ಬರ ಕಿವಿಗೆ ಕರಕರ. “ಯಾವಾಗ ಬರುತ್ತೆ” ಎಂದೇ ಕೇಳುತ್ತೇನೆ. ಪೆಡಲ್ ಒತ್ತಿದಾಗಲೋ, ಬಿಟ್ಟಾಗಲೋ? ಬೆಳಿಗ್ಗೆ ಹೊರಡುವಾಗಲೋ, ಘಾಟಿ ಇಳಿದ ಮೇಲೋ? ಈ ಉತ್ತರಗಳಿದ್ದರೆ ಚಕ್ರ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಮುಂದೆ ಡಿಸ್ಕ್ (ಚಕ್ರದ ಜತೆ ತಿರುಗುವ ಬಿಲ್ಲೆ, ಅದನ್ನು ಎರಡೂ ಬದಿಯಿಂದ ಪ್ಯಾಡುಗಳು ಒತ್ತಿ ಹಿಡಿಯುತ್ತವೆ), ಹಿಂದೆ ಡ್ರಮ್ (ಶೂ ಎನ್ನುವ ಬಾಗಿದ ಪಟ್ಟಿಗಳು ಒಳಗಿನಿಂದ ಒತ್ತುವ ಪಾತ್ರೆ) ಇರುವ ನಮ್ಮ ಕಡೆಯ ಸಾಮಾನ್ಯ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಾಲ್ಕೂ ಕಡೆ ಡಿಸ್ಕ್ ಇದ್ದರೆ ಡ್ರಮ್ಮಿನ ಭಾಗ ಬಿಟ್ಟು ಓದಿ.

ಪರೀಕ್ಷೆಗೂ ಮೊದಲು ಇಷ್ಟು ನೋಡಿ

ಪೆಡಲ್ ಒತ್ತಿದರೆ ಮೆತ್ತಗೆ ಕೆಳಗಿಳಿಯುತ್ತಾ ಹೋಗುತ್ತಿದ್ದರೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಚಕ್ರದ ಒಳಮೈಯಲ್ಲಿ ಎಣ್ಣೆ ಇಳಿದ ಗುರುತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಉರಿಯುತ್ತಿದ್ದರೆ, ಸದ್ದಿನ ಕಾರಣ ಹುಡುಕುತ್ತಾ ಊರು ಸುತ್ತಬೇಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು ಪ್ರತಿ ಬ್ರೇಕಿಗೂ ಬರುತ್ತಿದ್ದರೂ ಇದೇ ಮಾತು. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸುವುದು ಅಥವಾ ಗಾಡಿಯನ್ನು ಎಳೆಸಿಕೊಂಡು ಹೋಗುವುದು ವಾಸಿ.

ಇನ್ನೊಂದು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿಳಿದಿದ್ದರೆ ಸುಮ್ಮನೆ ತುಂಬಿಸಿಬಿಡಬೇಡಿ. ಪ್ಯಾಡ್ ಸವೆದಂತೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಹಾಗಾಗಿ ಮಟ್ಟ ನಿಧಾನವಾಗಿ ಇಳಿಯುವುದು ಪ್ಯಾಡ್ ಸವೆದಿದೆ ಎನ್ನುವುದರ ಸೂಚನೆಯೂ ಇರಬಹುದು. ಮೇಲಿನವರೆಗೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಡಬ್ಬಿಯಿಂದ ಉಕ್ಕಿ ಗಾಡಿಯ ಬಣ್ಣವನ್ನು ತಿನ್ನುತ್ತದೆ.

ಯಾವಾಗ, ಎಲ್ಲಿಂದ

ಜನ ಓಡಾಡದ ರಸ್ತೆ ಹುಡುಕಿ. ಒಂದು ಬದಿಗೆ ಉದ್ದನೆಯ ಕಾಂಪೌಂಡ್ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಕಿಟಕಿ ಇಳಿಸಿ, ಎಸಿ ಮತ್ತು ಹಾಡು ಎರಡೂ ಬಂದ್ ಮಾಡಿ, ಗೋಡೆಯ ಪಕ್ಕದಲ್ಲೇ 20 ಕಿ.ಮೀ. ವೇಗದಲ್ಲಿ ಹೋಗಿ. ಒಳಗೆ ಕೂತರೆ ಕೇಳದ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ತಿರುಗಿಸಿಕೊಂಡು ಬಂದು ಇನ್ನೊಂದು ಪಕ್ಕವನ್ನೂ ಕೇಳಿ. ಎಡವೋ ಬಲವೋ ಎನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಮುಂದೋ ಹಿಂದೋ ಎಂದು ತಿಳಿಯಲು ಹ್ಯಾಂಡ್ ಬ್ರೇಕ್ ಬಳಸಿ. ಅದೇ ನಿಧಾನದ ವೇಗದಲ್ಲಿ, ಲಿವರಿನ ಗುಂಡಿಯನ್ನು ಒತ್ತಿಯೇ ಹಿಡಿದು, ಮೆಲ್ಲಗೆ ಎಳೆಯಿರಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಸದ್ದು ಬಂದರೆ ಡ್ರಮ್ಮಿನದ್ದು. ಪೆಡಲಿಗೆ ಬಂದು ಹ್ಯಾಂಡ್ ಬ್ರೇಕಿಗೆ ಬರದಿದ್ದರೆ ಬಹುಪಾಲು ಮುಂದಿನ ಡಿಸ್ಕಿನದ್ದು. ಒದ್ದೆ ನೆಲದಲ್ಲಿ ಈ ಆಟ ಬೇಡ, ಗುಂಡಿ ಒತ್ತಿದರೆ ಹಿಡಿಯುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಬೇಡವೇ ಬೇಡ.

ಬ್ರೇಕಿನದ್ದೇ ಅಲ್ಲದ ಸದ್ದೂ ಇರುತ್ತದೆ. ವೇಗ ಹೆಚ್ಚಿದಂತೆ ಹೆಚ್ಚುವ, ಸ್ಟೇರಿಂಗ್ ಒಂದು ಕಡೆ ತಿರುಗಿಸಿದಾಗ ಜೋರಾಗಿ ಇನ್ನೊಂದು ಕಡೆ ತಿರುಗಿಸಿದಾಗ ಕಮ್ಮಿಯಾಗುವ ಗುಂಯ್ ಎನ್ನುವ ಸದ್ದು ಹೆಚ್ಚಾಗಿ ವೀಲ್ ಬೇರಿಂಗಿನದ್ದು. ಅದಕ್ಕೆ ಪ್ಯಾಡ್ ಹಾಕಿಸಿ ಉಪಯೋಗವಿಲ್ಲ.

ಬೆಳಿಗ್ಗೆ ಮಾತ್ರ ಬಂದು ಹೋಗುವ ಸದ್ದು

ಡಿಸ್ಕ್ ಎರಕದ ಕಬ್ಬಿಣ. ಅದಕ್ಕೆ ಬಣ್ಣ ಬಳಿಯುವ ಹಾಗಿಲ್ಲ. ರಾತ್ರಿ ಮಳೆ ಬಂದರೆ, ಸಂಜೆ ಗಾಡಿ ತೊಳೆದು ನಿಲ್ಲಿಸಿದರೆ, ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಕೂತಿರುತ್ತದೆ. ಮೊದಲ ಮೂರು ನಾಲ್ಕು ಬ್ರೇಕಿಗೆ ಸರ್ರ್ ಎಂದು ಕೆರೆದ ಸದ್ದು ಬರುತ್ತದೆ, ಪ್ಯಾಡು ತುಕ್ಕನ್ನು ಉಜ್ಜಿ ತೆಗೆಯುತ್ತದೆ, ಸದ್ದು ನಿಲ್ಲುತ್ತದೆ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನದ ಸುಪ್ರಭಾತ. ಹೆದರಬೇಕಾಗಿಲ್ಲ.

ಆದರೆ ಗಾಡಿ ಎರಡು ಮೂರು ವಾರ ನಿಂತೇ ಇದ್ದರೆ ತುಕ್ಕು ದಪ್ಪಗಾಗಿ, ಪ್ಯಾಡು ಕೂತಿದ್ದ ಜಾಗದಲ್ಲಿ ಅದರ ಅಚ್ಚು ಮೂಡಿರುತ್ತದೆ. ಆಗ ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಸಲ ಕರ್ ಎನ್ನುತ್ತದೆ. ನೂರು ಕಿಲೋಮೀಟರ್ ಓಡಿಸಿದರೂ ಹೋಗದಿದ್ದರೆ ಡಿಸ್ಕ್ ಬಿಚ್ಚಿ ನೋಡಬೇಕು. ಎಲೆಕ್ಟ್ರಿಕ್ ಕಾರಿನವರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ವೇಗ ಇಳಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಡಿಸ್ಕಿಗೆ ಉಜ್ಜಿಸಿಕೊಳ್ಳುವ ಯೋಗವೇ ಕಮ್ಮಿ.

ಪೆಡಲ್ ಒತ್ತಿದಾಗೆಲ್ಲ ಕೀಂಯ್

ಹೆಚ್ಚಿನವರ ದೂರು ಇದೇ, ಹೆಚ್ಚು ದುಡ್ಡು ಪೋಲಾಗುವುದೂ ಇಲ್ಲೇ. ಕೀಂಯ್ ಎಂದರೆ ಕಂಪನ. ಪ್ಯಾಡು ಡಿಸ್ಕನ್ನು ಹಿಡಿದು, ಜಾರಿ, ಮತ್ತೆ ಹಿಡಿದು, ಹೀಗೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಆಡುವುದೂ ಹೀಗೇ, ಆದರೆ ಅದು ಶ್ರುತಿಯಲ್ಲಿರುತ್ತದೆ. ಆದ್ದರಿಂದ ಈ ಸದ್ದಿಗೆ ಪ್ಯಾಡು ಸವೆದಿರಲೇಬೇಕೆಂದಿಲ್ಲ. ನಡುಕವನ್ನು ತಡೆಯುವ ಯಾವುದೋ ಒಂದು ಸಣ್ಣ ವಸ್ತು ಇಲ್ಲವಾದರೂ ಸಾಕು.

ಮೊದಲು ದಪ್ಪ ನೋಡಿ. ಅಲಾಯ್ ಚಕ್ರವಾದರೆ ಸಂದಿನಲ್ಲೇ ಟಾರ್ಚ್ ಬಿಟ್ಟು ನೋಡಬಹುದು. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತು. ಹಿಂದಿನ ಕಬ್ಬಿಣದ ತಟ್ಟೆಯನ್ನೂ ಸೇರಿಸಿ ಅಳೆದು “ಇನ್ನೂ ಬೇಕಾದಷ್ಟಿದೆ” ಎನ್ನಬೇಡಿ. ಕೆಲವು ಪ್ಯಾಡುಗಳಲ್ಲಿ ಒಂದು ತೆಳು ಉಕ್ಕಿನ ನಾಲಿಗೆ ಇರುತ್ತದೆ, ಪ್ಯಾಡು ಸವೆದು ಅಂಚಿಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಕಿರುಚಲೆಂದೇ ಇಟ್ಟಿರುವುದು ಅದು. ಕೆಲವು ಗಾಡಿಗಳಲ್ಲಿ ಪೆಡಲ್ ಒತ್ತದೆ ಓಡುವಾಗಲೇ ಸಣ್ಣಗೆ ಕೇಳಿಸುತ್ತದೆ, ಒತ್ತಿದರೆ ದನಿ ಬದಲಾಗುತ್ತದೆ. ಎಲ್ಲ ಪ್ಯಾಡಿನಲ್ಲೂ ಈ ನಾಲಿಗೆ ಇರುವುದಿಲ್ಲ, ಆದ್ದರಿಂದ ಅದು ಕೂಗಲಿ ಎಂದು ಕಾಯಬೇಡಿ.

ದಪ್ಪ ಸರಿಯಿದ್ದೂ ಕೀಂಯ್ ಎನ್ನುತ್ತಿದ್ದರೆ ಚಕ್ರ ಬಿಚ್ಚಲೇಬೇಕು. ಗಟ್ಟಿ ಸಮ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಕೈಯೋ ತಲೆಯೋ ಹಾಕಬೇಡಿ. ಕಾರಿನ ಅಡಿಗೆ ಸ್ಟ್ಯಾಂಡ್ ಕೊಡಿ, ಬಿಚ್ಚಿದ ಚಕ್ರವನ್ನೂ ಅಡಿಗೆ ಮಲಗಿಸಿಡಿ. ಧೂಳನ್ನು ಬಾಯಲ್ಲಿ ಊದುವುದಾಗಲಿ ಗಾಳಿ ಹೊಡೆಯುವುದಾಗಲಿ ಬೇಡ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಈಗಿನ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ನನ್ನ ಕಾರಿನ ಕಥೆ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಸರಿಯಬೇಕು. ಒಳಗಿನ ಪ್ಯಾಡನ್ನು ಪಿಸ್ಟನ್ ತಳ್ಳುತ್ತದೆ, ಆ ತಳ್ಳಾಟಕ್ಕೆ ಇಡೀ ಕ್ಯಾಲಿಪರ್ ಹಿಂದೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ನನ್ನದರಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಟೋಪಿ ಹರಿದಿತ್ತು. ನೀರು ಹೋಗಿ, ಗ್ರೀಸು ಒಣಗಿ, ಪಿನ್ನು ತುಕ್ಕು ಹಿಡಿದು ತನ್ನ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಅಲುಗಲಿಲ್ಲ. ಪ್ಯಾಡುಗಳನ್ನು ತೆಗೆದು ಪಕ್ಕಪಕ್ಕದಲ್ಲಿಟ್ಟೆ. ಒಳಗಿನದು ಹೊರಗಿನದಕ್ಕಿಂತ ತೆಳ್ಳಗಿತ್ತು, ಅದೂ ಒಂದು ಕೊನೆಯಲ್ಲಿ ಹೆಚ್ಚು, ಇನ್ನೊಂದು ಕೊನೆಯಲ್ಲಿ ಕಮ್ಮಿ, ಓರೆಯಾಗಿ ಸವೆದಿತ್ತು. ಓರೆಯಾಗಿ ಕೂತ ಪ್ಯಾಡು ಓರೆಯಾಗಿಯೇ ಹಿಡಿಯುತ್ತದೆ, ನಡುಗುತ್ತದೆ. ಎರಡು ಸಲ ಹೊಸ ಪ್ಯಾಡು ಹಾಕಿದ ಕೈ ಒಮ್ಮೆಯೂ ಆ ಪಿನ್ನನ್ನು ಎಳೆದು ನೋಡಿರಲಿಲ್ಲ. ಪಿನ್ನು, ರಬ್ಬರು, ಒಂದು ಸಣ್ಣ ಪಾಕೀಟು ಗ್ರೀಸು ಸೇರಿ ಎರಡು ಸೆಟ್ ಪ್ಯಾಡಿನ ಮುಂದೆ ಏನೂ ಅಲ್ಲದ ಖರ್ಚಿನಲ್ಲಿ ಮುಗಿಯಿತು.

ಗ್ರೀಸಿನ ವಿಷಯದಲ್ಲಿ ಒಂದು ಎಚ್ಚರ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸನ್ನು ಪಿನ್ನಿಗೆ ಹಾಕಿದರೆ ರಬ್ಬರು ಊದಿಕೊಂಡು ಪಿನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಪ್ಯಾಡಿನ ಹಿಂಬದಿಗೂ ಅದು ಕಿವಿ ಸಿಕ್ಕಿಸಿಕೊಳ್ಳುವ ಜಾಗಕ್ಕೂ ಶಾಖ ತಾಳುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಬಹುದು. ಉಜ್ಜುವ ಮುಖಕ್ಕೆ, ಡಿಸ್ಕಿಗೆ ಬೆರಳಿನ ಜಿಡ್ಡೂ ತಾಗಬಾರದು. ಸದ್ದು ನಿಲ್ಲಲೆಂದು ಡಿಸ್ಕಿನ ಮೇಲೆ ಎಣ್ಣೆ ಸ್ಪ್ರೇ ಹೊಡೆದವರನ್ನು ಕಂಡಿದ್ದೇನೆ. ಸದ್ದೇನೋ ನಿಂತಿತು, ಗಾಡಿ ನಿಲ್ಲಲಿಲ್ಲ. ಪುಣ್ಯಕ್ಕೆ ಮುಂದಿದ್ದದ್ದು ಅವರದೇ ಗೊಬ್ಬರದ ಗುಂಡಿ.

ಪಿನ್ನು ಸರಾಗವಾಗಿದ್ದರೆ ಪ್ಯಾಡಿನ ಬೆನ್ನಿನ ತೆಳು ತಗಡು, ಪ್ಯಾಡು ಕೂರುವ ಜಾಗದ ಸ್ಪ್ರಿಂಗ್ ಕ್ಲಿಪ್ಪುಗಳು ಇವೆಯೇ ನೋಡಿ. ಹಳೆಯದನ್ನು ಬಿಚ್ಚಿ ಎಸೆದು, ಹೊಸದನ್ನು ಹಾಕಲು ಮರೆಯುವುದು ನಡೆದೇ ಇದೆ. ಹೊಸ ಪ್ಯಾಡು ಹಾಕಿದ ಮೊದಲ ಒಂದೆರಡು ನೂರು ಕಿಲೋಮೀಟರ್ ಸಣ್ಣ ಸದ್ದು ಬಂದರೆ ಅದು ಡಿಸ್ಕಿಗೆ ಹೊಂದಿಕೊಳ್ಳುವ ಸಮಯ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ರವರೆಗೆ ಹದವಾಗಿ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ, ಪ್ರತಿ ಸಲ ನಡುವೆ ಸ್ವಲ್ಪ ದೂರ ಓಡಿಸಿ ಗಾಳಿ ತಾಗಲು ಬಿಡಿ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ.

ಗರಗರ

ಪ್ಯಾಡಿನ ಉಜ್ಜುವ ಭಾಗ ಮುಗಿದು ತಟ್ಟೆಯೇ ಡಿಸ್ಕನ್ನು ಕೊರೆಯುತ್ತಿದೆ. ಡಿಸ್ಕಿನ ಮೇಲೆ ಉಗುರು ಓಡಿಸಿದರೆ ಗೀರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಲೇತಿನಲ್ಲಿ ಸ್ಕಿಮ್ಮಿಂಗ್, ಅಂದರೆ ಮೇಲ್ಮೈಯನ್ನು ತೆಳ್ಳಗೆ ಉಜ್ಜಿ ಸಮ ಮಾಡಿಸಬಹುದು, ಆದರೆ ಡಿಸ್ಕಿನ ಮೇಲೇ ಅದರ ಕನಿಷ್ಠ ದಪ್ಪ ಎಷ್ಟೆಂದು ಕೆತ್ತಿರುತ್ತಾರೆ. ಉಜ್ಜಿದ ಮೇಲೆ ಅದಕ್ಕಿಂತ ಕಮ್ಮಿಯಾಗುವುದಾದರೆ ಹೊಸದೇ ಹಾಕಬೇಕು, ಎಡಬಲ ಜೋಡಿಯಾಗಿ.

ಪೆಡಲ್ ಮುಟ್ಟದಿದ್ದರೂ ಬರುವ ಸದ್ದು

ತೋಟದ ಮನೆಗೆ ಜಲ್ಲಿ ಹಾಸಿದ ದಾರಿ ಇರುವವರಿಗೆ ಇದು ಗೊತ್ತಿರುತ್ತದೆ. ನಿನ್ನೆಯವರೆಗೆ ಏನೂ ಇರಲಿಲ್ಲ, ಇವತ್ತು ಇದ್ದಕ್ಕಿದ್ದಂತೆ ಕಿವಿ ಹರಿಯುವ ಕಿರ್ರೋ ಕಿರ್ರೋ. ಡಿಸ್ಕಿನ ಹಿಂದೆ ಧೂಳು ತಡೆಯುವ ಒಂದು ತೆಳು ತಗಡಿದೆ, ಆ ಸಂದಿನಲ್ಲಿ ಜಲ್ಲಿಯ ಚೂರು ಸಿಕ್ಕಿರುತ್ತದೆ. ನಾಲ್ಕು ಮಾರು ಹಿಂದೆ ಮುಂದೆ ಮಾಡಿದರೆ ಎಷ್ಟೋ ಸಲ ಅದಾಗಿಯೇ ಬಿದ್ದುಹೋಗುತ್ತದೆ. ಬೀಳದಿದ್ದರೆ ಚಕ್ರ ಬಿಚ್ಚಿ ಸ್ಕ್ರೂಡ್ರೈವರಿನಿಂದ ತಗಡನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಕೆಳಗುದುರುತ್ತದೆ. ಪಂಚರ್ ಹಾಕಿಸಿಕೊಂಡು ಬಂದ ದಿನವೇ ಸದ್ದು ಶುರುವಾಗಿದ್ದರೆ ಯಾರದೋ ಕೈ ತಾಗಿ ತಗಡೇ ಬಗ್ಗಿರಬಹುದು.

ಕಲ್ಲೂ ಇಲ್ಲ, ತಗಡೂ ನೆಟ್ಟಗಿದೆ ಎಂದರೆ ಬ್ರೇಕ್ ಬಿಟ್ಟುಕೊಳ್ಳುತ್ತಿಲ್ಲ. ಇದನ್ನು ಮೂಗು ಮತ್ತು ಕೈಯಲ್ಲಿ ಹಿಡಿಯಬಹುದು. ಹೆಚ್ಚು ಬ್ರೇಕ್ ಬೀಳದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಒಂದೊಂದೇ ಚಕ್ರದ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ. ಎಡಬಲಗಳಲ್ಲಿ ಒಂದು ತಣ್ಣಗಿದ್ದು ಇನ್ನೊಂದು ಕಾದ ಬಾಣಲೆಯಂತೆ ಬಿಸಿ ಬೀರುತ್ತಿದ್ದರೆ ಅಲ್ಲೇ ಪಿನ್ನೋ ಪಿಸ್ಟನ್ನೋ ಜಾಮ್ ಆಗಿದೆ. ಪೆಟ್ರೋಲು ಹೆಚ್ಚು ಕುಡಿಯುವುದೂ ಇದರ ಜತೆಗೇ ಬರುವ ದೂರು.

ಲೊಟಲೊಟ, ಕಟಕ್

ರಿವರ್ಸ್ ತೆಗೆದು ಮುಂದೆ ಹೊರಟು ಮೊದಲ ಬ್ರೇಕ್ ಹಾಕಿದಾಗ ಒಂದೇ ಒಂದು ಸಣ್ಣ ಟಕ್ ಬಂದರೆ ಪ್ಯಾಡು ತನ್ನ ಗೂಡಿನಲ್ಲಿ ಈ ಕಡೆಯಿಂದ ಆ ಕಡೆಗೆ ಸರಿದಿದೆ, ಅಷ್ಟೇ. ಗುಂಡಿ ಬಿದ್ದ ರಸ್ತೆಯಲ್ಲಿ ಲೊಟಲೊಟ ಎನ್ನುತ್ತಾ ಇದ್ದು, ಪೆಡಲಿನ ಮೇಲೆ ಹಗುರಾಗಿ ಕಾಲಿಟ್ಟ ಕೂಡಲೇ ಸುಮ್ಮನಾದರೆ ಪ್ಯಾಡಿನ ಕ್ಲಿಪ್ಪು ಸಡಿಲ. ಪ್ರತಿ ಬ್ರೇಕಿಗೂ ದಡ್ ಎಂದು ಕಾಲಡಿಯಲ್ಲಿ ಬಡಿದಂತಾದರೆ ತಡಮಾಡಬೇಡಿ. ಕ್ಯಾಲಿಪರಿನ ಬೋಲ್ಟು ಸಡಿಲವಾಗಿರಬಹುದು, ಅಥವಾ ಬ್ರೇಕನ್ನೇ ಬಿಟ್ಟು ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಹೋಗಿರಬಹುದು. ಆ ಬುಷ್ಷು, ಬಾಲ್ ಜಾಯಿಂಟು ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ವಸ್ತುಗಳು.

ಹಿಂದಿನ ಡ್ರಮ್ಮು

ಡ್ರಮ್ ಮುಚ್ಚಿದ ಪಾತ್ರೆ. ಸವೆದ ಧೂಳು ಹೊರಗೆ ಹೋಗಲು ದಾರಿಯಿಲ್ಲ, ಕೆಂಪು ಕೆಸರಿನಲ್ಲಿ ಓಡಾಡಿದರೆ ಅದೂ ಒಳಗೆ ಸೇರುತ್ತದೆ. ಗೂಗೆ ಕೂಗಿದಂತೆ ಊಂ ಎನ್ನುವ ದಪ್ಪ ಸದ್ದು ಬಂದರೆ ಬಿಚ್ಚಿ ಧೂಳು ಒರೆಸಿ, ಶೂಗಳ ಹೊಳಪು ಹೋಗುವಂತೆ ಎಮರಿ ಪೇಪರ್ ಹಾಕಿ ಉಜ್ಜಿಸಿದರೆ ಸಾಕಾಗುತ್ತದೆ. ನಿಂತ ಗಾಡಿಯಲ್ಲೇ ಪೆಡಲ್ ಒತ್ತಿ ಬಿಟ್ಟರೆ ಹಳೆ ಬಾಗಿಲಿನ ಕಿರುಗುಟ್ಟುವಿಕೆ ಕೇಳಿದರೆ, ಶೂ ಒರಗಿಕೊಂಡು ಸರಿಯುವ ಜಾಗಗಳಲ್ಲಿ ಗ್ರೀಸ್ ಒಣಗಿದೆ. ಒಳಗೆ ಎಣ್ಣೆ ಜಿನುಗಿದ್ದರೆ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ. ಎಣ್ಣೆ ಕುಡಿದ ಶೂವನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ.

ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿ ಹೊರಟಾಗ ಹಿಂದಿನಿಂದ ಟಕ್ ಎಂದು ಏನೋ ಮುರಿದಂತೆ ಕೇಳುತ್ತದೆ. ಮುರಿದದ್ದೇನೂ ಇಲ್ಲ, ತುಕ್ಕಿನಿಂದ ಡ್ರಮ್ಮಿಗೆ ಅಂಟಿದ್ದ ಶೂ ಬಿಟ್ಟುಕೊಂಡ ಸದ್ದು. ಸಮತಟ್ಟಾದ ಅಂಗಳದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ನಿಲ್ಲಿಸಿದರೆ ಈ ತಾಪತ್ರಯವಿಲ್ಲ.

ಘಾಟಿ ಇಳಿದ ಮೇಲೆ ಶುರುವಾದದ್ದು

ತೀರ್ಥಹಳ್ಳಿ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ಹೋಗುವವರು ಆಗುಂಬೆಯ 14 ತಿರುವು ಇಳಿಯಲೇಬೇಕು. ಸೋಮೇಶ್ವರ ಮುಟ್ಟುವಾಗ ಎಷ್ಟೋ ಕಾರುಗಳಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ಲೆಕ್ಕ ಹಾಕಿ: ಒಂದು ಟನ್ ತೂಕದ ಕಾರು 400 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 12 ಲೀಟರ್ ತಣ್ಣೀರನ್ನು ಕುದಿಸುವಷ್ಟು. ನ್ಯೂಟ್ರಲ್ಲಿನಲ್ಲಿ ಇಳಿದರೆ ಹೆಚ್ಚುಕಮ್ಮಿ ಅಷ್ಟೂ ಶಾಖವನ್ನು ಬ್ರೇಕೇ ನುಂಗಬೇಕು. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿದರೆ ಅದರಲ್ಲಿ ಒಳ್ಳೆಯ ಪಾಲನ್ನು ಇಂಜಿನ್ ಹೊರುತ್ತದೆ.

ಹೀಗೆ ಕಾದ ಪ್ಯಾಡಿನ ಮುಖ ಗಾಜಿನಂತೆ ನುಣುಪಾಗಿ ಹೊಳೆಯತೊಡಗುತ್ತದೆ. ಮಾರನೇ ದಿನದಿಂದ ಕೀಂಯ್, ಜತೆಗೆ ಹಿಡಿತವೂ ಕಮ್ಮಿ. ಹೊಳಪು ಮೇಲ್ಮೈಯಲ್ಲಷ್ಟೇ ಇದ್ದರೆ ಎಮರಿಯಲ್ಲಿ ಉಜ್ಜಿ ತೆಗೆಯಬಹುದು, ಬಿರುಕು ಕಂಡರೆ ಬದಲಿಸಬೇಕು. ಇಳಿಯುವಾಗ ಪೆಡಲೇ ಸ್ಪಂಜಿನಂತಾದರೆ ಕಾರಣ ಬೇರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದ್ದು ಗುಳ್ಳೆ ಬಂದರೆ ಕಾಲು ಒತ್ತುವುದು ಬರೀ ಆವಿಯನ್ನು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುವುದು ಇದಕ್ಕೇ. ಈ ದೋಷ ಮಾತ್ರ ಸದ್ದೇ ಮಾಡದೆ ಬರುತ್ತದೆ.

ಘಾಟಿಯ ನಂತರ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತಿದ್ದರೆ ಗ್ಯಾರೇಜಿನ ಭಾಷೆಯಲ್ಲಿ “ಡಿಸ್ಕ್ ಬೆಂಡ್”. ನಿಜವಾಗಿ ಬೆಂಡಾಗುವುದು ಅಪರೂಪ, ಡಿಸ್ಕಿನ ದಪ್ಪ ಒಂದೊಂದು ಜಾಗದಲ್ಲಿ ಒಂದೊಂದು ಥರ ಆಗಿರುತ್ತದೆ. ಸ್ಟೆಪ್ನಿ ಬದಲಿಸುವಾಗ ನಟ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯದೆ ಒಂದೇ ಕಡೆ ಜಡಿದರೂ ಹೀಗಾಗುತ್ತದೆ.

ದೋಷವೇ ಅಲ್ಲದವು

ಜಾರು ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದಾಗ ಗರ್ರ್ ಎಂದು ಪೆಡಲ್ ಕಾಲಿಗೆ ಹೊಡೆದುಕೊಂಡರೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಇರಿ. ಗಾಡಿ ಸ್ಟಾರ್ಟ್ ಮಾಡಿ ಹೊರಟ ಸ್ವಲ್ಪದರಲ್ಲೇ ಇಂಜಿನ್ ಕಡೆಯಿಂದ ಒಮ್ಮೆ ಕಟ್ ಎನ್ನುವುದೂ ಅದರ ಸ್ವಪರೀಕ್ಷೆ. ಪೆಡಲ್ ಒತ್ತಿದಾಗ ಬುಸ್ ಎನ್ನುವ ಮೆಲು ಉಸಿರು, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರಿನದ್ದು. ಒತ್ತಿ ಹಿಡಿದಷ್ಟು ಹೊತ್ತೂ ಬುಸುಗುಡುತ್ತಿದ್ದು ಪೆಡಲ್ ಕಲ್ಲಾಗಿದ್ದರೆ ಮಾತ್ರ ಪರೀಕ್ಷಿಸಿ: ಇಂಜಿನ್ ಆರಿಸಿ ನಾಲ್ಕೈದು ಸಲ ಪೆಡಲ್ ತುಳಿದು, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಅದನ್ನೂ ಅದರ ವ್ಯಾಕ್ಯೂಮ್ ಪೈಪನ್ನೂ ನೋಡಿಸಿ.

ಗ್ಯಾರೇಜಿನಲ್ಲಿ

“ಬ್ರೇಕ್ ಸೌಂಡ್ ಬರ್ತಿದೆ ನೋಡಿ” ಎಂದಷ್ಟೇ ಹೇಳಿ ಕೀ ಕೊಟ್ಟರೆ ಪ್ಯಾಡು ಬದಲಾಗುತ್ತದೆ, ಬಿಲ್ಲೂ ಆಗುತ್ತದೆ. “ಮುಂದಿನ ಎಡ ಚಕ್ರ, ಕಾದ ಮೇಲೆ ಬರುತ್ತೆ, ರಿವರ್ಸಲ್ಲಿ ಬರಲ್ಲ” ಎಂದು ಹೇಳಿದರೆ ಮೆಕ್ಯಾನಿಕ್ ಕೂಡ ಒಂದು ನಿಮಿಷ ನಿಂತು ಯೋಚಿಸುತ್ತಾನೆ. ಸಾಧ್ಯವಾದರೆ ಜತೆಗೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬಿಚ್ಚಿದ ಹಳೆಯ ಪ್ಯಾಡುಗಳನ್ನು ಕೇಳಿ ತೆಗೆದುಕೊಳ್ಳಿ. ನಾಲ್ಕನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟು ದಪ್ಪ ಹೋಲಿಸಿ. ನಾಲ್ಕೂ ಸಮನಾಗಿ ಸವೆದಿದ್ದರೆ ಹೊಸ ಪ್ಯಾಡು ಹಾಕಿಸಿಕೊಂಡು ಹೊರಡಿ. ಒಂದು ತೆಳ್ಳಗಿದ್ದರೆ, ಚಕ್ರ ಕೂರಿಸುವ ಮೊದಲು ಆ ಕಡೆಯ ಪಿನ್ನು ಎಳೆದು ತೋರಿಸಲು ಹೇಳಿ.